ಮೌಲ್ಯಮಾಪನದ ಕ್ಷೇತ್ರಕಾರ್ಯಕ್ಕೆ ಭೂಗೋಳ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸುವುದು: ಬೆಂಗಳೂರಿನ ಪ್ರೌಢಶಾಲಾ ಶಿಕ್ಷಕರಿಗೊಂದು ಸಮಗ್ರ ಮಾರ್ಗದರ್ಶಿ

ಶೈಕ್ಷಣಿಕ ಪ್ರವಾಸಕ್ಕೂ ಅಂಕಗಳಿಗಾಗಿ ನಡೆಯುವ ಕ್ಷೇತ್ರಕಾರ್ಯಕ್ಕೂ ಇರುವ ಅಂತರ ಬಸ್ಸು ಹತ್ತುವಾಗ ಕಾಣುವುದಿಲ್ಲ. ವರದಿ ಬರೆಯಲು ಕುಳಿತಾಗ ಕಾಣುತ್ತದೆ. ಲಾಲ್‌ಬಾಗಿನ ಬಂಡೆ ಹತ್ತಿ, ಹತ್ತಾರು ಫೋಟೋ ತೆಗೆದು, ಮೇಷ್ಟ್ರು ಹೇಳಿದ್ದನ್ನೆಲ್ಲ ಬರೆದುಕೊಂಡು ಬಂದ ವಿದ್ಯಾರ್ಥಿಗಳ ಬಳಿ ಮಾಹಿತಿಗೇನೂ ಕೊರತೆ ಇರುವುದಿಲ್ಲ. ಆದರೆ ತಾವೇ ಅಳೆದು ತಂದ, ತಮ್ಮ ಪ್ರಶ್ನೆಗೆ ಉತ್ತರ ಕೊಡಬಲ್ಲ ಒಂದೇ ಒಂದು ಕೋಷ್ಟಕವೂ ಇರುವುದಿಲ್ಲ. ಮೌಲ್ಯಮಾಪಕರು ಅಂಕ ಕೊಡುವುದು ಆ ಕೋಷ್ಟಕಕ್ಕೆ ಮತ್ತು ಅದರ ಮೇಲೆ ಕಟ್ಟಿದ ವಾದಕ್ಕೆ.

ಆದ ಕಾರಣ ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಕ್ಷೇತ್ರಕ್ಕೆ ಹೊರಡುವ ಮುನ್ನ ಆಗಬೇಕಾದ ಕೆಲಸವನ್ನು ಕುರಿತದ್ದು. ವಿದ್ಯಾರ್ಥಿಗಳು ಶಾಲೆಯ ಗೇಟು ದಾಟುವ ಮೊದಲೇ ತಾವು ಏನನ್ನು ಅಳೆಯಲಿದ್ದೇವೆ, ಏಕೆ ಅಳೆಯಲಿದ್ದೇವೆ, ಬಂದ ಅಂಕಿಗಳನ್ನು ಯಾವ ರೂಪದಲ್ಲಿ ತೋರಿಸಲಿದ್ದೇವೆ ಎಂಬುದನ್ನು ಹಾಳೆ ನೋಡದೆ ಹೇಳುವಂತಾಗಬೇಕು. ಇದಕ್ಕೆ ಕನಿಷ್ಠ ಆರು ವಾರಗಳ ಅವಕಾಶ ಬೇಕು. ಎರಡು ವಾರದಲ್ಲಿ ಮುಗಿಸುವುದಾದರೆ ಅದನ್ನು ಪ್ರವಾಸವೆಂದೇ ಕರೆದು ಸುಮ್ಮನಾಗುವುದು ಪ್ರಾಮಾಣಿಕವಾದ ದಾರಿ.

ಮೊದಲು ಅಂಕ ಹಂಚಿಕೆಯನ್ನು ಓದಿ

ಬೆಂಗಳೂರಿನ ಒಂದೇ ಬಡಾವಣೆಯಲ್ಲಿ ಮೂರು ನಾಲ್ಕು ಪಠ್ಯಕ್ರಮಗಳ ಶಾಲೆಗಳಿರುತ್ತವೆ. ಎಸ್‌ಎಸ್‌ಎಲ್‌ಸಿ ಸಮಾಜ ವಿಜ್ಞಾನದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಐಸಿಎಸ್‌ಇ ಭೂಗೋಳದಲ್ಲಿಯೂ 80 ಮತ್ತು 20ರ ಹಂಚಿಕೆಯೇ ಇದೆ. ಸಿಬಿಎಸ್‌ಇಯ 11 ಮತ್ತು 12ನೇ ತರಗತಿಗಳ ಭೂಗೋಳದಲ್ಲಿ ಪ್ರಾಯೋಗಿಕ ಭಾಗಕ್ಕೆ 30 ಅಂಕಗಳಿವೆ. ಅಂತರರಾಷ್ಟ್ರೀಯ ಪಠ್ಯಕ್ರಮದ ಕೇಂಬ್ರಿಡ್ಜ್ ಮತ್ತು ಐಬಿ ಶಾಲೆಗಳು ತಮ್ಮದೇ ಪದಮಿತಿ ಹಾಗೂ ಮಾನದಂಡಗಳನ್ನು ಪಾಲಿಸುತ್ತವೆ. ಹೋದ ವರ್ಷದ ನೆನಪಿನ ಮೇಲೆ ಕೆಲಸ ಆರಂಭಿಸದೆ, ಆಯಾ ವರ್ಷದ ಸುತ್ತೋಲೆ ಅಥವಾ ಪಠ್ಯಕ್ರಮದ ಪ್ರತಿಯನ್ನು ಮೇಜಿನ ಮೇಲೆ ಇಟ್ಟುಕೊಂಡೇ ಯೋಜನೆ ಮಾಡಿ.

ಮಂಡಳಿ ಯಾವುದೇ ಇರಲಿ, ಮಾನದಂಡಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವು ಕೇಳುವುದು ಹೆಚ್ಚುಕಡಿಮೆ ಒಂದನ್ನೇ: ಸ್ಪಷ್ಟವಾದ ಪ್ರಶ್ನೆ, ಸಮರ್ಥಿಸಿಕೊಂಡ ವಿಧಾನ, ಸೂಕ್ತವಾದ ನಕ್ಷೆ ಮತ್ತು ರೇಖಾಚಿತ್ರ, ದತ್ತಾಂಶಗಳ ವಿಶ್ಲೇಷಣೆ, ಪ್ರಶ್ನೆಗೆ ಮರಳುವ ತೀರ್ಮಾನ, ಮತ್ತು ತನ್ನ ಕೆಲಸದ ಇತಿಮಿತಿಗಳ ವಿಮರ್ಶೆ. ಈ ಮಾನದಂಡಗಳನ್ನು ಸರಳ ಕನ್ನಡದಲ್ಲಿ ಒಂದೇ ಪುಟಕ್ಕೆ ಇಳಿಸಿ ವಿದ್ಯಾರ್ಥಿಗಳ ಕೈಗೆ ಕೊಡಿ. ಅನಂತರ ಹಿಂದಿನ ವರ್ಷದ ಎರಡು ವರದಿಗಳನ್ನು, ಬರೆದವರ ಹೆಸರು ಅಳಿಸಿ, ಅವರಿಂದಲೇ ತಿದ್ದಿಸಿ. ಚಂದದ ಹೊದಿಕೆ, ಬಣ್ಣದ ಚಿತ್ರಗಳಿರುವ ವರದಿಗೆ ಮೊದಲು ಹೆಚ್ಚು ಅಂಕ ಕೊಟ್ಟವರು, ಮಾನದಂಡದ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ಮತ್ತೊಮ್ಮೆ ಓದಿದಾಗ ತಾವೇ ಅಂಕ ಇಳಿಸುತ್ತಾರೆ. ಉಪದೇಶಕ್ಕಿಂತ ಈ ಒಂದು ಅವಧಿಯ ಅಭ್ಯಾಸ ಹೆಚ್ಚು ಕೆಲಸ ಮಾಡುತ್ತದೆ.

ಪ್ರಶ್ನೆಯನ್ನು ಸಣ್ಣದು ಮಾಡುವುದು

'ಬೆಂಗಳೂರಿನ ಕೆರೆಗಳ ಸಮಸ್ಯೆಗಳು' ಎಂಬುದು ಪ್ರಬಂಧದ ವಿಷಯವೇ ಹೊರತು ಕ್ಷೇತ್ರಕಾರ್ಯದ ಪ್ರಶ್ನೆಯಲ್ಲ. 'ಸ್ಯಾಂಕಿ ಕೆರೆಯ ದಂಡೆಯಿಂದ ಮಲ್ಲೇಶ್ವರದ ಎಂಟನೇ ಕ್ರಾಸಿನ ಮಾರುಕಟ್ಟೆಯ ಕಡೆಗೆ ನಡೆದಂತೆ ಬೆಳಗಿನ ಹೊತ್ತಿನ ಗಾಳಿಯ ಉಷ್ಣಾಂಶ ಹೆಚ್ಚುತ್ತದೆಯೇ?' ಎಂಬುದು ಪ್ರಶ್ನೆ. ಇದರಲ್ಲಿ ಸ್ಥಳವಿದೆ, ಹೊತ್ತಿದೆ, ಅಳೆಯಬಹುದಾದ ಒಂದು ಅಂಶವಿದೆ, 'ಹೌದು' ಎಂದೂ 'ಇಲ್ಲ' ಎಂದೂ ಉತ್ತರ ಬರುವ ಸಾಧ್ಯತೆಯಿದೆ. ವಿದ್ಯಾರ್ಥಿಗಳು ತರುವ ಪ್ರತಿಯೊಂದು ಪ್ರಶ್ನೆಯನ್ನೂ ಮೂರು ಕಡೆಯಿಂದ ತಟ್ಟಿ ನೋಡಿ. ಶಾಲೆಯಲ್ಲಿರುವ ಉಪಕರಣಗಳಿಂದ ಮೂರು ತಾಸಿನೊಳಗೆ ಅಳೆಯಲಾಗುತ್ತದೆಯೇ? ಪಠ್ಯದ ಯಾವ ಪರಿಕಲ್ಪನೆ ಇದರ ಹಿಂದಿದೆ? ಉತ್ತರ ನಿರೀಕ್ಷೆಗೆ ವಿರುದ್ಧವಾಗಿ ಬಂದರೂ ಬರೆಯಲು ಏನಾದರೂ ಉಳಿಯುತ್ತದೆಯೇ? ಮೂರನೆಯದಕ್ಕೆ ಉತ್ತರ 'ಇಲ್ಲ' ಎಂದಾದರೆ ಆ ಪ್ರಶ್ನೆಯನ್ನು ಬಿಡಿಸಿ, ಏಕೆಂದರೆ ಅಂಥ ಪ್ರಶ್ನೆ ಹಿಡಿದವರು ಕೊನೆಯಲ್ಲಿ ಅಂಕಿಗಳನ್ನು ತಿದ್ದುವ ಆಸೆಗೆ ಬೀಳುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ಹೊರದೇಶದ ಪಠ್ಯಪುಸ್ತಕಗಳಲ್ಲಿ ಮಾದರಿ ಕ್ಷೇತ್ರಕಾರ್ಯವೆಂದರೆ ಮೊಣಕಾಲಿನವರೆಗೆ ನೀರಿಗಿಳಿದು ಹೊಳೆಯ ಅಗಲ, ಆಳ, ವೇಗ, ಬೆಣಚುಕಲ್ಲಿನ ಗಾತ್ರ ಅಳೆಯುವುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಕುಳಿತಿರುವ ಊರು. ಪಶ್ಚಿಮಕ್ಕೆ ವೃಷಭಾವತಿ ಕಣಿವೆಯ ನೀರು ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ, ಪೂರ್ವಕ್ಕೆ ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ನೀರು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ನಗರದೊಳಗೆ ಈ ಮೂರರಲ್ಲೂ ಹರಿಯುವುದು ಬಹುಪಾಲು ಕೊಳಚೆ. ಮಕ್ಕಳನ್ನು ಈ ನೀರಿಗೆ ಇಳಿಸುವ ಯಾವ ವಿಧಾನವೂ ಒಪ್ಪತಕ್ಕದ್ದಲ್ಲ. ನದಿಯ ಅಧ್ಯಾಯವನ್ನೇ ಕ್ಷೇತ್ರಕ್ಕೆ ತರಬೇಕೆಂದಿದ್ದರೆ, ದಿಬ್ಬದ ನೆತ್ತಿಯಿಂದ ಕಣಿವೆಯ ತಳದವರೆಗೆ ರಸ್ತೆಯ ಇಳಿಜಾರನ್ನು ಅಳೆದು, ಇಳಿಜಾರು ಕಡಿಮೆಯಾಗುವ ಕಡೆ ಮಳೆನೀರು ನಿಂತ ಗುರುತುಗಳು ಹೆಚ್ಚಿವೆಯೇ ಎಂದು ನೋಡಿಸಬಹುದು. ನಿವಾಸಿಗಳನ್ನು ಕೇಳಿದರೆ ನೀರು ನುಗ್ಗಿದ ಮಟ್ಟವನ್ನು ಗೋಡೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಅಳತೆ ಪಟ್ಟಿ ಹಿಡಿದರೆ ಅದು ದತ್ತಾಂಶ.

ನಮ್ಮ ಊರಿಗೆ ಒಗ್ಗುವ ಇತರ ವಿಷಯಗಳೆಂದರೆ ಹಸಿರು ಪ್ರದೇಶ ಮತ್ತು ಕಾಂಕ್ರೀಟ್ ರಸ್ತೆಗಳ ಸೂಕ್ಷ್ಮ ಹವಾಮಾನ (ಒಂದು ಸಣ್ಣ ಜಾಗದೊಳಗಿನ ಹವೆ), ಮಣ್ಣಿನಲ್ಲಿ ನೀರು ಇಂಗುವ ವೇಗ, ಮಾರುಕಟ್ಟೆಯ ಪ್ರಭಾವ ವಲಯ (ಅಲ್ಲಿಗೆ ಜನ ಎಲ್ಲೆಲ್ಲಿಂದ ಬರುತ್ತಾರೋ ಅಷ್ಟು ಪ್ರದೇಶ), ಪಾದಚಾರಿಗಳ ಸಾಂದ್ರತೆ, ಮತ್ತು ಒಂದು ರಸ್ತೆಯುದ್ದಕ್ಕೂ ನೆಲ ಅಂತಸ್ತಿನ ಭೂಬಳಕೆ. ಮೊದಲ ಬಾರಿಗೆ ಕ್ಷೇತ್ರಕಾರ್ಯ ನಡೆಸುವ ಶಾಲೆಗೆ ಭೂಬಳಕೆಯೇ ಸುಲಭ. ಉಪಕರಣ ಬೇಡ, ಮಳೆ ಬಂದರೂ ಅಂಗಡಿಗಳು ಅಲ್ಲೇ ಇರುತ್ತವೆ.

ಸ್ಥಳ, ಅನುಮತಿ, ದಿನಾಂಕ

ಶಿಕ್ಷಕರು ವಿದ್ಯಾರ್ಥಿಗಳಿಗಿಂತ ಮೊದಲು, ಅದೇ ವಾರದ ದಿನ, ಅದೇ ಹೊತ್ತಿನಲ್ಲಿ ಸ್ಥಳಕ್ಕೆ ಹೋಗಿ ಇಡೀ ದಾರಿಯನ್ನು ನಡೆದು ಬರಬೇಕು. ಶೌಚಾಲಯ ಎಲ್ಲಿದೆ, ನೆರಳು ಎಲ್ಲಿದೆ, ಬಸ್ಸು ಎಲ್ಲಿ ನಿಲ್ಲಬಹುದು, ರಸ್ತೆ ದಾಟದೆ ಎಷ್ಟು ಕೇಂದ್ರಗಳನ್ನು (ಅಳತೆ ತೆಗೆಯುವ ಜಾಗಗಳನ್ನು) ಮುಗಿಸಬಹುದು ಎಂಬುದು ಮನೆಯಲ್ಲಿ ಕುಳಿತು ಫೋನಿನ ನಕ್ಷೆ ನೋಡಿದರೆ ತಿಳಿಯುವುದಿಲ್ಲ.

ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್‌ಗಳು ತೋಟಗಾರಿಕೆ ಇಲಾಖೆಯ ಸುಪರ್ದಿಯಲ್ಲಿವೆ. ಶಾಲೆಯ ಲೆಟರ್‌ಹೆಡ್‌ನಲ್ಲಿ ದಿನಾಂಕ, ವಿದ್ಯಾರ್ಥಿಗಳ ಸಂಖ್ಯೆ, ಬಳಸುವ ಉಪಕರಣಗಳನ್ನು ನಮೂದಿಸಿ ಮುಂಚಿತವಾಗಿ ಅರ್ಜಿ ಕೊಡಿ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದಾದ ಪರ್ಯಾಯದ್ವೀಪೀಯ ನೈಸ್ ಎಂಬ ಪಟ್ಟೆಪಟ್ಟೆಯಾದ ರೂಪಾಂತರ ಶಿಲೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಅಲ್ಲಿ ಸುತ್ತಿಗೆ, ಉಳಿ, ಬಣ್ಣದ ಗುರುತು ಯಾವುದೂ ಸಲ್ಲದು. ಪಟ್ಟೆಗಳ ದಿಕ್ಕನ್ನು ದಿಕ್ಸೂಚಿಯಿಂದ ಅಳೆಯುವುದು, ಪದರು ಪದರಾಗಿ ಕಳಚಿಕೊಂಡಿರುವ ಮೇಲ್ಮೈಯನ್ನು ಚಿತ್ರಿಸುವುದು, ಬಿರುಕುಗಳಲ್ಲಿ ಬೇರು ಬಿಟ್ಟ ಗಿಡಗಳನ್ನು ಎಣಿಸುವುದು ಧಾರಾಳವಾಗಿ ಸಾಧ್ಯ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಆ ಕಡೆ ತಲೆ ಹಾಕಬೇಡಿ.

ಮಳೆಯ ಲೆಕ್ಕ ಹಾಕಿಯೇ ದಿನಾಂಕ ಇಡಿ. ಬೆಂಗಳೂರಿನ ಮಳೆಗೆ ಮೇ ತಿಂಗಳಲ್ಲೊಂದು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲೊಂದು ಏರುಕಾಲವಿದೆ, ಮತ್ತು ಮೇ ತಿಂಗಳ ಗುಡುಗುಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗಿನ ಬೆಳಗುಗಳು ಅತ್ಯಂತ ಅನುಕೂಲ. ಹತ್ತನೇ ತರಗತಿಗೆ ಆ ಹೊತ್ತಿಗೆ ಪರೀಕ್ಷೆಯ ಒತ್ತಡ ಬರುವುದರಿಂದ, ಒಂಬತ್ತನೇ ತರಗತಿಯಲ್ಲೇ ಒಮ್ಮೆ ಅಭ್ಯಾಸ ಮಾಡಿಸಿ, ಹತ್ತರಲ್ಲಿ ಜುಲೈ ಅಥವಾ ಆಗಸ್ಟ್‌ನ ಬೆಳಗನ್ನು ಆರಿಸಿಕೊಳ್ಳುವುದು ಮೇಲು. ಯಾವ ತಿಂಗಳಾದರೂ ಬದಲಿ ದಿನಾಂಕವೊಂದು ಮೊದಲೇ ಗೊತ್ತಾಗಿರಲಿ. ಮಾರುಕಟ್ಟೆಯ ಅಧ್ಯಯನಕ್ಕೆ ಪಂಚಾಂಗವನ್ನೂ ನೋಡಿಕೊಳ್ಳಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ಎಣಿಸಿದ ಜನಸಂಖ್ಯೆ ಮಾಮೂಲಿ ದಿನದ್ದಲ್ಲ. ಹಬ್ಬವನ್ನೇ ವಿಷಯವಾಗಿಸಿಕೊಳ್ಳುವುದಾದರೆ ಮಾತು ಬೇರೆ: ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೆ ಮಾರಾಟಗಾರರು ಎಲ್ಲೆಲ್ಲಿಂದ ಬರುತ್ತಾರೆ ಎಂಬುದನ್ನು ನಕ್ಷೆಯ ಮೇಲೆ ಹರಿವಿನ ರೇಖೆಗಳಾಗಿ ತೋರಿಸುವುದಕ್ಕಿಂತ ಒಳ್ಳೆಯ ಪ್ರಭಾವ ವಲಯದ ಅಭ್ಯಾಸ ಈ ಊರಿನಲ್ಲಿ ಸಿಗುವುದು ಕಷ್ಟ.

ಸರ್ವೇ ಆಫ್ ಇಂಡಿಯಾದ 1:50,000 ಪ್ರಮಾಣದ ಟೋಪೋಶೀಟನ್ನು (ಸ್ಥಳಾಕೃತಿ ನಕ್ಷೆಯ ಹಾಳೆಯನ್ನು) ತರಗತಿಗೆ ತನ್ನಿ. ಹಳೆಯ ಕ್ರಮಾಂಕದಲ್ಲಿ ಬೆಂಗಳೂರಿನ ಬಹುಭಾಗ 57 ಎಚ್/9 ಹಾಳೆಯಲ್ಲಿದೆ. 13 ಡಿಗ್ರಿ ಉತ್ತರ ಅಕ್ಷಾಂಶದ ಮೇಲಿನ ಭಾಗ, ಅಂದರೆ ಸ್ಯಾಂಕಿ ಕೆರೆ, ಹೆಬ್ಬಾಳ, ಯಲಹಂಕದ ಕಡೆ, 57 ಜಿ/12ರಲ್ಲಿ ಬರುತ್ತದೆ. ಗುಜರಾತ್-ರಾಜಸ್ಥಾನ ಗಡಿಯ ಹಾಳೆಯನ್ನು ಪರೀಕ್ಷೆಗಾಗಿ ಅಂಗೈಯಂತೆ ಬಲ್ಲ ಮಕ್ಕಳು ತಮ್ಮ ಶಾಲೆಯಿರುವ ಹಾಳೆಯನ್ನು ಒಮ್ಮೆಯೂ ಬಿಚ್ಚಿ ನೋಡಿರುವುದಿಲ್ಲ. ಕ್ಷೇತ್ರದ ನಾಲ್ಕು ಅಂಚುಗಳನ್ನು ಅದರ ಮೇಲೆ ಪೆನ್ಸಿಲಿನಲ್ಲಿ ಗುರುತಿಸಿ, ಆರು ಅಂಕಿಗಳ ಗ್ರಿಡ್ ಉಲ್ಲೇಖ (ನಕ್ಷೆಯ ಚೌಕಗಳಲ್ಲಿ ಸ್ಥಳವನ್ನು ಗುರುತಿಸುವ ಸಂಖ್ಯೆ) ಬರೆಸಿ. ವರದಿಯ ಮೊದಲ ನಕ್ಷೆ ಇಲ್ಲಿಂದಲೇ ಬರುತ್ತದೆ.

ಶಾಲೆಯ ಮೈದಾನದಲ್ಲಿ ತರಬೇತಿ

ಕ್ಷೇತ್ರದಲ್ಲಿ ಮೊದಲ ಬಾರಿಗೆ ಉಪಕರಣ ಮುಟ್ಟಿದ ವಿದ್ಯಾರ್ಥಿಗಳು ಅರ್ಧ ಬೆಳಗನ್ನು ಅದರ ಪರಿಚಯದಲ್ಲೇ ಕಳೆಯುತ್ತಾರೆ. ಆದ್ದರಿಂದ ಕನಿಷ್ಠ ಮೂರು ಅವಧಿಗಳನ್ನು ಮೈದಾನಕ್ಕೆ ಮೀಸಲಿಡಿ.

ಮೊದಲನೆಯದು ಹೆಜ್ಜೆ ಮತ್ತು ದಿಕ್ಕು. ಟೇಪು ಹಿಡಿದು 100 ಮೀಟರ್ ಗುರುತಿಸಿ, ಪ್ರತಿಯೊಬ್ಬರೂ ಮಾಮೂಲಿ ನಡಿಗೆಯಲ್ಲಿ ಮೂರು ಸಲ ನಡೆದು ಹೆಜ್ಜೆಗಳ ಸರಾಸರಿ ತೆಗೆಯಲಿ. ಟೇಪು ಬಿಡಿಸಲಾಗದ ಗಿಜಿಗುಟ್ಟುವ ಬೀದಿಯಲ್ಲಿ ಇದೇ ಅಳತೆಗೋಲು. ಇಳಿಜಾರು ಅಳೆಯಲು ಕೋನಮಾಪಕ, ದಾರ, ಒಂದು ಕಬ್ಬಿಣದ ನಟ್ಟು, ತಂಪುಪಾನೀಯದ ಸ್ಟ್ರಾ ಸಾಕು. ಸ್ಟ್ರಾದ ಮೂಲಕ ನೋಡುವಾಗ ಎದುರಿನವರ ತಲೆಯನ್ನಾಗಲಿ ಪಾದವನ್ನಾಗಲಿ ಗುರಿಯಾಗಿಸದೆ, ನೋಡುವವರ ಕಣ್ಣಿನ ಎತ್ತರಕ್ಕೆ ಕೋಲಿನ ಮೇಲೆ ಕಟ್ಟಿದ ಬಣ್ಣದ ಪಟ್ಟಿಯನ್ನು ಗುರಿಯಾಗಿಸಬೇಕು. ಇಲ್ಲವಾದರೆ ಅಳತೆಯಾಗುವುದು ರಸ್ತೆಯ ಇಳಿಜಾರಲ್ಲ, ಇಬ್ಬರ ಎತ್ತರದ ವ್ಯತ್ಯಾಸ.

ಎರಡನೆಯದು ಉಷ್ಣಮಾಪಕಗಳ ಹೊಂದಾಣಿಕೆ. ಅಂಗಡಿಯಲ್ಲಿ ಸಿಗುವ ಅಗ್ಗದ ಡಿಜಿಟಲ್ ಉಷ್ಣಮಾಪಕಗಳು ಒಂದೇ ಕೋಣೆಯಲ್ಲಿ ಬೇರೆ ಬೇರೆ ಓದು ಕೊಡುವುದು ಸಾಮಾನ್ಯ. ಹೊರಡುವ ಹಿಂದಿನ ದಿನ ಎಲ್ಲವನ್ನೂ ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಂದೇ ಮೇಜಿನ ಮೇಲೆ ಅರ್ಧ ತಾಸು ಇಟ್ಟು, ಒಟ್ಟಿಗೆ ಓದಿ, ಸರಾಸರಿಯಿಂದ ಪ್ರತಿಯೊಂದೂ ಎಷ್ಟು ಆಚೀಚೆ ಇದೆ ಎಂಬುದನ್ನು ಅದರ ಬೆನ್ನಿಗೆ ಚೀಟಿಯಲ್ಲಿ ಅಂಟಿಸಿ. 'ಮೂರನೇ ಮಾಪಕ: 0.4 ಕಳೆಯಿರಿ' ಎಂಬ ಆ ಒಂದು ಚೀಟಿ ವಿಧಾನದ ಭಾಗದಲ್ಲಿ ಎರಡು ಒಳ್ಳೆಯ ವಾಕ್ಯಗಳಾಗುತ್ತದೆ.

ಮೂರನೆಯದಕ್ಕೆ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಸೂಕ್ಷ್ಮ ಹವಾಮಾನದ ವರದಿಗಳಲ್ಲಿ ಎದ್ದು ಕಾಣುವ ದೋಷ ಇಲ್ಲಿಯೇ ಹುಟ್ಟುತ್ತದೆ. ಒಂದೇ ಗುಂಪು ಒಂದೇ ಉಷ್ಣಮಾಪಕ ಹಿಡಿದು ಕೆರೆಯ ದಂಡೆಯಿಂದ ಮಾರುಕಟ್ಟೆಯವರೆಗೆ ನಡೆದರೆ, ದಾರಿಯುದ್ದಕ್ಕೂ ಉಷ್ಣಾಂಶ ಏರುತ್ತಲೇ ಹೋಗುತ್ತದೆ. ಅದರಲ್ಲಿ ಎಷ್ಟು ಪಾಲು ಕಾಂಕ್ರೀಟಿನದು, ಎಷ್ಟು ಪಾಲು ಏರುತ್ತಿರುವ ಹೊತ್ತಿನದು? ಬೆಳಗ್ಗೆ ಒಂಬತ್ತೂವರೆಗೆ ಹೊರಟು ಹನ್ನೊಂದಕ್ಕೆ ತಲಪಿದವರು, ಒಂದೇ ಮರದ ಕೆಳಗೆ ನಿಂತಿದ್ದರೂ ಏರಿಕೆಯನ್ನೇ ದಾಖಲಿಸುತ್ತಿದ್ದರು. ಇದಕ್ಕೆ ಎರಡು ಪರಿಹಾರಗಳಿವೆ. ಉಪಕರಣಗಳು ಸಾಕಷ್ಟಿದ್ದರೆ ಎಲ್ಲ ಕೇಂದ್ರಗಳಲ್ಲೂ ಒಂದೇ ನಿಮಿಷಕ್ಕೆ ಓದಿಸುವುದು ಮೊದಲನೆಯದು. ಇಲ್ಲದಿದ್ದರೆ ಕೊನೆಯ ಕೇಂದ್ರದಿಂದ ತಡಮಾಡದೆ ಮೊದಲ ಕೇಂದ್ರಕ್ಕೆ ಮರಳಿ ಮತ್ತೊಮ್ಮೆ ಓದುವುದು. ಉದಾಹರಣೆಗೆ ಮೊದಲ ಕೇಂದ್ರದಲ್ಲಿ 9.30ಕ್ಕೆ 24.0 ಡಿಗ್ರಿ, 10.50ಕ್ಕೆ ಮರಳಿದಾಗ 26.4 ಡಿಗ್ರಿ ಇತ್ತೆಂದುಕೊಳ್ಳಿ. 80 ನಿಮಿಷಗಳಲ್ಲಿ 2.4 ಡಿಗ್ರಿ, ಅಂದರೆ ನಿಮಿಷಕ್ಕೆ 0.03 ಡಿಗ್ರಿ ಏರಿಕೆ. 10.10ಕ್ಕೆ ಬೇರೊಂದು ಕೇಂದ್ರದಲ್ಲಿ ತೆಗೆದ ಓದಿನಿಂದ 40 ನಿಮಿಷಗಳ ಪಾಲಾದ 1.2 ಡಿಗ್ರಿಯನ್ನು ಕಳೆದರೆ ಉಳಿಯುವುದು ಆ ಸ್ಥಳದ ನಿಜವಾದ ವ್ಯತ್ಯಾಸಕ್ಕೆ ಹತ್ತಿರದ ಅಂಕಿ. ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ತೋರಿಸಿದರೆ ಸಾಲದು. ಮೈದಾನದ ನಾಲ್ಕು ಮೂಲೆಗಳಲ್ಲಿ ಒಂದು ತಾಸು ಸುತ್ತಿಸಿ, ತಾವೇ ತೆಗೆದ ಓದುಗಳನ್ನು ತಿದ್ದಿಸಿ. ತಿದ್ದುವ ಮೊದಲು ಕಂಡ ದೊಡ್ಡ ವ್ಯತ್ಯಾಸ ತಿದ್ದಿದ ಮೇಲೆ ಕರಗಿಹೋಗುವುದನ್ನು ಕಣ್ಣಾರೆ ಕಂಡವರು ಕ್ಷೇತ್ರದಲ್ಲಿ ಹಿಂತಿರುಗಿ ಓದುವುದನ್ನು ಮರೆಯುವುದಿಲ್ಲ.

ಓದುವ ರೀತಿಯೂ ಗೊತ್ತಿರಬೇಕು: ನೆಲದಿಂದ ಸುಮಾರು ಒಂದೂಕಾಲು ಮೀಟರ್ ಎತ್ತರ, ನೇರ ಬಿಸಿಲು ಬೀಳದಂತೆ ಮರೆ, ಮೈಯಿಂದ ದೂರಕ್ಕೆ ಚಾಚಿದ ಕೈ, ಅಂಕಿ ನಿಲ್ಲುವವರೆಗೆ ಎರಡು ಮೂರು ನಿಮಿಷದ ತಾಳ್ಮೆ. ನಿಂತಿರುವ ಆಟೋದ ಹೊಗೆಯ ಪಕ್ಕದಲ್ಲಿ ಓದಬಾರದೆಂದು ಬೇರೆ ಹೇಳಬೇಕಾಗಿಲ್ಲವಾದರೂ ಹೇಳಿಬಿಡಿ.

ನೀರು ಇಂಗುವ ಪ್ರಯೋಗವನ್ನು ಆರಿಸಿಕೊಂಡವರಿಗೆ ನಾಲ್ಕು ಇಂಚಿನ ಪಿವಿಸಿ ಪೈಪಿನ 15 ಸೆಂಟಿಮೀಟರ್ ಉದ್ದದ ತುಂಡುಗಳು ಬೇಕು. ಐದು ಸೆಂಟಿಮೀಟರಿನಷ್ಟನ್ನು ಮರದ ಹಲಗೆಯಿಟ್ಟು ಮಣ್ಣಿಗೆ ಹೊಡೆದು, ಗುರುತಿನವರೆಗೆ ನೀರು ತುಂಬಿ, ಒಳಗೆ ನಿಲ್ಲಿಸಿದ ಸ್ಕೇಲಿನಲ್ಲಿ ನಿಮಿಷಕ್ಕೊಮ್ಮೆ ಮಟ್ಟ ಬರೆದುಕೊಳ್ಳುವುದು ವಿಧಾನ. ಮೊದಲ ನಿಮಿಷಗಳಲ್ಲಿ ವೇಗವಾಗಿ ಇಳಿದು ಆಮೇಲೆ ಒಂದೇ ಗತಿಗೆ ಬರುತ್ತದೆ. ಹೋಲಿಸಬೇಕಾದದ್ದು ಆ ಕೊನೆಯ ಗತಿಯನ್ನು. ಎಲೆ ಬಿದ್ದ ಮರದ ಬುಡ ಮತ್ತು ಕ್ರಿಕೆಟ್ ಆಡಿ ಗಟ್ಟಿಯಾದ ಕೆಂಪು ನೆಲ, ಎರಡೂ ಬಹಳಷ್ಟು ಶಾಲೆಗಳ ಆವರಣದಲ್ಲೇ ಇರುವುದರಿಂದ ಬಸ್ಸಿನ ಖರ್ಚೂ ಉಳಿಯುತ್ತದೆ. ಹಿಂದಿನ ರಾತ್ರಿ ಮಳೆ ಬಿದ್ದಿದ್ದರೆ ಮುಂದೂಡಿ.

ಮಾದರಿ ಆಯ್ಕೆ ಮತ್ತು ದಾಖಲೆ ಹಾಳೆ

'ನಾವು ಇಪ್ಪತ್ತು ಜನರನ್ನು ಕೇಳಿದೆವು' ಎಂದರೆ ಅಂಕವಿಲ್ಲ. ಯಾವ ಇಪ್ಪತ್ತು, ಅವರೇ ಏಕೆ ಎಂದು ಹೇಳಬೇಕು. ಯಾದೃಚ್ಛಿಕ, ವ್ಯವಸ್ಥಿತ, ಸ್ತರಿತ ಎಂಬ ಮೂರು ಬಗೆಗಳ ವ್ಯಾಖ್ಯೆ ಪಠ್ಯದಲ್ಲಿದೆ. ಬೀದಿಯಲ್ಲಿ ನಡೆಯುವುದು ಹೆಚ್ಚಾಗಿ ವ್ಯವಸ್ಥಿತ ಮಾದರಿ: ಪ್ರತಿ ಹತ್ತನೇ ಅಂಗಡಿ, ಮಾರುಕಟ್ಟೆಯಿಂದ ಹೊರಬರುವ ಪ್ರತಿ ಐದನೇ ವ್ಯಕ್ತಿ, ಪ್ರತಿ 100 ಮೀಟರಿಗೊಂದು ಕೇಂದ್ರ. ಅದನ್ನು ಬಿಟ್ಟುಕೊಟ್ಟರೆ ಹುಡುಗರು ನಗುಮುಖದವರನ್ನೂ ತಮ್ಮ ಅಮ್ಮನ ವಯಸ್ಸಿನವರನ್ನೂ ಮಾತ್ರ ಮಾತಾಡಿಸಿ ಬರುತ್ತಾರೆ. ಉತ್ತರ ಕೊಡಲೊಪ್ಪದವರ ಸಂಖ್ಯೆಯನ್ನೂ ಬರೆದಿಡಲಿ.

ದಾಖಲೆ ಹಾಳೆಯನ್ನು ಶಿಕ್ಷಕರು ಸಿದ್ಧಪಡಿಸಿ ಹಂಚಬಾರದು. ವಿದ್ಯಾರ್ಥಿಗಳೇ ಬಿಡಿಸಿ, ಶಾಲೆಯ ಮುಂದಿನ ರಸ್ತೆಯಲ್ಲಿ ಅರ್ಧ ಗಂಟೆ ಬಳಸಿ, ಹರಿದು, ಮತ್ತೆ ಬಿಡಿಸಬೇಕು. ಪಾದಚಾರಿ ಎಣಿಕೆಯ ಹಾಳೆಯನ್ನೇ ನೋಡಿ. ಮೇಲ್ಗಡೆ ಕೇಂದ್ರದ ಸಂಖ್ಯೆ, ಗ್ರಿಡ್ ಉಲ್ಲೇಖ, ಆರಂಭ ಮತ್ತು ಮುಕ್ತಾಯದ ಸಮಯ, ಹವೆ, ದಾಖಲಿಸಿದವರ ಹೆಸರು. ಕೆಳಗೆ ಎರಡು ದಿಕ್ಕುಗಳಿಗೆ ಎರಡು ಕಂಬಸಾಲು, ನಾಲ್ಕು ಗೀಟಿನ ಮೇಲೆ ಐದನೆಯ ಅಡ್ಡಗೀಟಿನ ಕಟ್ಟುಗಳು. ಅಡಿಯಲ್ಲಿ 'ವಿಶೇಷ' ಎಂಬ ಖಾಲಿ ಜಾಗ. ಆ ಖಾಲಿ ಜಾಗವೇ ಮುಖ್ಯ. 'ಬಸ್ಸು ಬಂದು ನಿಂತದ್ದರಿಂದ ಒಮ್ಮೆಲೇ ಜನ ಹೆಚ್ಚಿದರು' ಎಂಬ ಒಂದು ಸಾಲು ಅಲ್ಲಿ ಇಲ್ಲದಿದ್ದರೆ, ಎರಡು ವಾರದ ನಂತರ ರೇಖಾಚಿತ್ರದಲ್ಲಿ ಕಾಣುವ ಏರನ್ನು ಯಾರೂ ವಿವರಿಸಲಾರರು. ಸೀಸದ ಕಡ್ಡಿಯಲ್ಲೇ ಬರೆಯಲಿ, ಮಳೆಹನಿ ಬಿದ್ದರೆ ಶಾಯಿ ಕಲಸಿಹೋಗುತ್ತದೆ. ಯಾರೂ ಬರಲಿಲ್ಲ ಎಂದರೆ ಸೊನ್ನೆ, ಎಣಿಸಲಿಲ್ಲ ಎಂದರೆ ಅಡ್ಡಗೆರೆ, ಖಾಲಿ ಬಿಡುವಂತಿಲ್ಲ. ಸರಾಸರಿಯನ್ನು ಕ್ಷೇತ್ರದಲ್ಲಿ ತೆಗೆಯದೆ, ಮೂಲ ಓದುಗಳನ್ನೇ ಬರೆದು ತರಬೇಕು.

ಜನರನ್ನು ಮಾತಾಡಿಸುವುದು

'ತಾವು ಯಾವ ಪ್ರದೇಶದಿಂದ ಆಗಮಿಸಿದ್ದೀರಿ?' ಎಂದು ಹಾಳೆ ನೋಡಿ ಓದಿದರೆ ಸೊಪ್ಪಿನ ಬುಟ್ಟಿಯ ಮುಂದೆ ಕುಳಿತ ಹೆಂಗಸು ಮುಖ ನೋಡುತ್ತಾರೆ. 'ಅಮ್ಮಾ ನಮಸ್ಕಾರ, ನಾವು ಹತ್ತನೇ ಕ್ಲಾಸ್ ಮಕ್ಕಳು, ಶಾಲೆಗೋಸ್ಕರ ಒಂದು ಲೆಕ್ಕ ಮಾಡ್ತಿದ್ದೀವಿ. ಗಿರಾಕಿ ಇಲ್ಲದಾಗ ಎರಡು ನಿಮಿಷ ಮಾತಾಡಬಹುದಾ? ಹೆಸರು ಬರೆದುಕೊಳ್ಳಲ್ಲ' ಎಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ, ಹಲವು ಸಲ ಕೇಳಿದ್ದಕ್ಕಿಂತ ಹೆಚ್ಚೇ ಹೇಳುತ್ತಾರೆ. ಅಮ್ಮ, ಅಕ್ಕ, ಅಣ್ಣ, ಯಜಮಾನ್ರೇ ಎಂದು ವಯಸ್ಸಿಗೆ ತಕ್ಕಂತೆ ಕರೆಯುವುದನ್ನು, ಗಿರಾಕಿ ಬಂದ ತಕ್ಷಣ ಪಕ್ಕಕ್ಕೆ ಸರಿಯುವುದನ್ನು ತರಗತಿಯಲ್ಲಿ ನಟಿಸಿ ಅಭ್ಯಾಸ ಮಾಡಿಸಿ. ಕೃಷ್ಣರಾಜೇಂದ್ರ ಮಾರುಕಟ್ಟೆಯಂಥ ಕಡೆ ತಮಿಳು, ತೆಲುಗು, ಉರ್ದು ಬಲ್ಲ ವಿದ್ಯಾರ್ಥಿಗಳು ಪ್ರತಿ ಗುಂಪಿಗೂ ಒಬ್ಬೊಬ್ಬರು ಬರುವಂತೆ ಹಂಚಿದರೆ ಅರ್ಧ ಕೆಲಸ ಹಗುರ.

ಪ್ರಶ್ನೆಗಳು ಐದಾರಕ್ಕಿಂತ ಹೆಚ್ಚಿರಬಾರದು. ಯಾವ ಕಡೆಯಿಂದ ಬಂದಿರಿ, ಏನು ಕೊಳ್ಳಲು ಬಂದಿರಿ, ಹೇಗೆ ಬಂದಿರಿ, ವಾರಕ್ಕೆ ಎಷ್ಟು ಸಲ ಬರುತ್ತೀರಿ ಎಂಬಿಷ್ಟರಿಂದ ಪ್ರಭಾವ ವಲಯದ ನಕ್ಷೆ ಬಿಡಿಸಬಹುದು. ದೂರವನ್ನು ಕಿಲೋಮೀಟರಿನಲ್ಲಿ ಕೇಳಬಾರದು. ಬಡಾವಣೆ ಅಥವಾ ಬಸ್ ಸ್ಟಾಪಿನ ಹೆಸರು ಕೇಳಿ, ದೂರವನ್ನು ನಕ್ಷೆಯಲ್ಲಿ ಅಳೆಯಬೇಕು. ಆದಾಯ, ಜಾತಿ, ಬಾಡಿಗೆ, ಫೋನ್ ನಂಬರು ಕೇಳುವ ಪ್ರಶ್ನೆಗಳನ್ನು ಶಿಕ್ಷಕರು ಹೊಡೆದುಹಾಕಬೇಕು. ಒಪ್ಪಿಗೆಯಿಲ್ಲದೆ ಯಾರ ಮುಖದ ಫೋಟೋವನ್ನೂ ತೆಗೆಯುವಂತಿಲ್ಲ.

ಸುರಕ್ಷತೆ ಮತ್ತು ಕ್ಷೇತ್ರದ ದಿನ

ಅಪಾಯಗಳ ಪಟ್ಟಿಯನ್ನು ವಿದ್ಯಾರ್ಥಿಗಳೇ ತಯಾರಿಸಲಿ. ಅನೇಕ ಮಂಡಳಿಗಳ ವರದಿಯಲ್ಲಿ ಅದಕ್ಕೂ ಸ್ಥಾನವಿದೆ. ಆದರೆ ಕೆಲವು ನಿಯಮಗಳು ಚರ್ಚೆಗೆ ಮೀರಿದವು: ಕೆರೆಯ ಅಳತೆ ಏರಿಯ ಅಥವಾ ನಡಿಗೆ ಪಥದ ಮೇಲಿನಿಂದ ಮಾತ್ರ, ರಾಜಕಾಲುವೆಯ ಅಂಚಿಗೆ ಯಾರೂ ಹೋಗುವುದಿಲ್ಲ, ಜೇನುಗೂಡಿರುವ ಮರದ ಕೆಳಗೆ ಕೇಂದ್ರವಿಲ್ಲ, ಬೀದಿನಾಯಿಗಳನ್ನು ಮುಟ್ಟುವುದಿಲ್ಲ, ರಸ್ತೆ ದಾಟುವುದು ಶಿಕ್ಷಕರು ಜೊತೆಗಿದ್ದಾಗಲೇ. ಪೋಷಕರ ಲಿಖಿತ ಒಪ್ಪಿಗೆ, ಆಸ್ತಮಾ ಅಥವಾ ಅಲರ್ಜಿ ಇರುವವರ ವಿವರ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಟೋಪಿ, ನೀರು ಇವು ಹೊರಡುವ ಮುನ್ನ ಪರಿಶೀಲನೆಯಾಗಬೇಕು.

ನಾಲ್ಕು ಜನರ ಗುಂಪು ಸರಿಯಾದ ಗಾತ್ರ: ಒಬ್ಬರು ಓದುವವರು, ಒಬ್ಬರು ಬರೆಯುವವರು, ಒಬ್ಬರು ಸಮಯ ಮತ್ತು ಸ್ಥಳ ನೋಡುವವರು, ಒಬ್ಬರು ಚಿತ್ರ ಬಿಡಿಸುವವರು. ಓದಿದವರು ಗಟ್ಟಿಯಾಗಿ ಹೇಳಬೇಕು, ಬರೆಯುವವರು ಅದನ್ನು ಮರಳಿ ಉಚ್ಚರಿಸಿ ಬರೆಯಬೇಕು. ಅರ್ಧದಲ್ಲಿ ಪಾತ್ರಗಳು ಬದಲಾಗಲಿ. ಮೌಖಿಕ ಪರೀಕ್ಷೆಯಲ್ಲಿ 'ನಾನು ಬರೆಯುವುದಷ್ಟೇ ಮಾಡಿದ್ದು' ಎಂಬ ಉತ್ತರ ಬರಬಾರದು. ಕ್ಷೇತ್ರಚಿತ್ರವನ್ನು ಫೋಟೋದಿಂದ ಮನೆಯಲ್ಲಿ ನಕಲು ಮಾಡುವುದಕ್ಕೂ ಸ್ಥಳದಲ್ಲೇ ಬಿಡಿಸುವುದಕ್ಕೂ ವ್ಯತ್ಯಾಸ ಗೊತ್ತಾಗಿಬಿಡುತ್ತದೆ: ಸ್ಥಳದಲ್ಲಿ ಬಿಡಿಸಿದ್ದರಲ್ಲಿ ರೇಖೆ ಕಡಿಮೆ, ಟಿಪ್ಪಣಿ ಹೆಚ್ಚು. ಬಸ್ಸು ಹತ್ತುವ ಮೊದಲು ಪ್ರತಿಯೊಂದು ಹಾಳೆಯ ಫೋಟೋ ಶಿಕ್ಷಕರ ಫೋನಿಗೆ ಬರಬೇಕು.

ಮರಳಿದ ಮೇಲೆ

ಮರುದಿನವೇ ಎಲ್ಲ ಗುಂಪುಗಳ ದತ್ತಾಂಶಗಳನ್ನು ಒಂದು ಕೋಷ್ಟಕಕ್ಕೆ ಸೇರಿಸಿ. ದತ್ತಾಂಶ ಎಲ್ಲರದ್ದು, ವಿಶ್ಲೇಷಣೆ ಅವರವರದು ಎಂಬ ಗೆರೆಯನ್ನು ಇಲ್ಲಿಂದ ಮುಂದೆ ಕಟ್ಟುನಿಟ್ಟಾಗಿ ಕಾಯಿರಿ.

ರೇಖಾಚಿತ್ರಗಳ ಆಯ್ಕೆಯಲ್ಲಿ ಕಂಪ್ಯೂಟರು ಕೊಡುವ ವೃತ್ತಚಿತ್ರಕ್ಕೆ (ಪೈ ಚಾರ್ಟಿಗೆ) ಮರುಳಾಗುವುದು ಹೆಚ್ಚು. ಭೂಗೋಳದಲ್ಲಿ ಅಂಕಿಗೆ ಸ್ಥಳವಿರುತ್ತದೆ. ಆದ್ದರಿಂದ ಕನಿಷ್ಠ ಒಂದು ನಿರೂಪಣೆಯಾದರೂ ನಕ್ಷೆಯ ಮೇಲೆಯೇ ಇರಲಿ: ಕೇಂದ್ರಗಳ ಮೇಲೆ ನಿಲ್ಲಿಸಿದ ಸ್ತಂಭಗಳು, ಸಮ ಉಷ್ಣಾಂಶ ರೇಖೆಗಳು, ಹರಿವಿನ ರೇಖೆಗಳು. ಎರಡು ಅಂಶಗಳ ಸಂಬಂಧ ನೋಡುವವರು ಚದುರು ರೇಖಾಚಿತ್ರ (ಸ್ಕ್ಯಾಟರ್ ಗ್ರಾಫ್) ಬಿಡಿಸಿದ ಮೇಲೆ, ಗಣಿತದಲ್ಲಿ ಹಿಂಜರಿಕೆಯಿಲ್ಲದಿದ್ದರೆ, ಆ ಸಂಬಂಧ ಎಷ್ಟು ಗಟ್ಟಿ ಎಂದು ಅಳೆಯುವ ಸ್ಪಿಯರ್‌ಮನ್ ಶ್ರೇಣಿ ಸಹಸಂಬಂಧಕ್ಕೆ ಹೋಗಬಹುದು. ಎರಡೂ ಅಂಶಗಳಿಗೆ ಶ್ರೇಣಿ ಕೊಟ್ಟು, ಶ್ರೇಣಿಗಳ ವ್ಯತ್ಯಾಸಗಳ ವರ್ಗಗಳನ್ನು ಕೂಡಿ, ಆರರಿಂದ ಗುಣಿಸಿ, ಜೋಡಿಗಳ ಸಂಖ್ಯೆಯ ಘನದಿಂದ ಅದೇ ಸಂಖ್ಯೆಯನ್ನು ಕಳೆದು ಬಂದದ್ದರಿಂದ ಭಾಗಿಸಿ, ಒಂದರಿಂದ ಕಳೆಯಬೇಕು. ಹತ್ತು ಕೇಂದ್ರಗಳಿದ್ದು ವರ್ಗಗಳ ಮೊತ್ತ 40 ಬಂದರೆ 240ನ್ನು 990ರಿಂದ ಭಾಗಿಸಿ, ಒಂದರಿಂದ ಕಳೆದಾಗ 0.76 ಸಿಗುತ್ತದೆ, ಹತ್ತು ಜೋಡಿಗಳಿಗೆ ಶೇಕಡ 5ರ ಮಟ್ಟದಲ್ಲಿ ನಿರ್ಣಾಯಕ ಬೆಲೆ (ಮುಟ್ಟಲೇಬೇಕಾದ ಕನಿಷ್ಠ ಅಂಕಿ) ಸುಮಾರು 0.65 ಆದ್ದರಿಂದ ಈ ಸಂಬಂಧ ಆಕಸ್ಮಿಕವಲ್ಲವೆಂದು ಹೇಳಲು ಆಧಾರವಿದೆ. ಸಂಬಂಧವಿದೆ ಎಂದ ಮಾತ್ರಕ್ಕೆ ಕಾರಣ ಗೊತ್ತಾಯಿತೆಂದಲ್ಲ ಎಂಬುದನ್ನೂ ಅದೇ ಅವಧಿಯಲ್ಲಿ ಹೇಳಿ. ಸೂತ್ರ ಅರ್ಥವಾಗದವರು ಅದನ್ನು ಬಳಸದಿರುವುದೇ ಕ್ಷೇಮ. ಮೌಖಿಕದಲ್ಲಿ ಕೇಳುವುದೇ ಅದನ್ನು.

ವಿಶ್ಲೇಷಣೆಯ ಪ್ಯಾರಾಗಳಿಗೆ ಒಂದು ಕ್ರಮ ಕಲಿಸಿ: ಮೊದಲು ಒಟ್ಟಾರೆ ಪ್ರವೃತ್ತಿ, ಆಮೇಲೆ ಅದಕ್ಕೆ ಸಾಕ್ಷಿಯಾದ ಅಂಕಿ, ಆಮೇಲೆ ಪ್ರವೃತ್ತಿಗೆ ಒಗ್ಗದ ಕೇಂದ್ರ, ಕೊನೆಗೆ ಕಾರಣ. ಒಗ್ಗದ ಕೇಂದ್ರವನ್ನು ಮುಚ್ಚಿಡುವುದು ಮಕ್ಕಳ ಸಹಜ ಗುಣ. ಆದರೆ ಅದರ ಮೇಲೆ ಬರೆದ ಪ್ಯಾರಾವೇ ಸಾಮಾನ್ಯವಾಗಿ ಇಡೀ ವರದಿಯ ಅತ್ಯುತ್ತಮ ಪ್ಯಾರಾ ಆಗಿರುತ್ತದೆ, ಏಕೆಂದರೆ ಅಲ್ಲಿ ಪಠ್ಯಪುಸ್ತಕದ ವಾಕ್ಯ ಕೈಕೊಡುತ್ತದೆ ಮತ್ತು ದಾಖಲೆ ಹಾಳೆಯ 'ವಿಶೇಷ' ಭಾಗವನ್ನು ತೆರೆಯಲೇಬೇಕಾಗುತ್ತದೆ.

ಇತಿಮಿತಿಗಳ ಭಾಗದಲ್ಲಿ 'ಸಮಯ ಸಾಲಲಿಲ್ಲ, ಇನ್ನಷ್ಟು ಜನರನ್ನು ಕೇಳಬಹುದಿತ್ತು' ಎಂದು ಬರೆದರೆ ಏನೂ ಬರೆದಂತಲ್ಲ. 'ಮೂರನೇ ಕೇಂದ್ರದಲ್ಲಿ ಓದುವಾಗ ಮೋಡ ಕವಿದಿತ್ತು; ಆದ್ದರಿಂದ ಅಲ್ಲಿನ ಉಷ್ಣಾಂಶ ಇರಬೇಕಾದದ್ದಕ್ಕಿಂತ ಕಡಿಮೆ ದಾಖಲಾಗಿರಬಹುದು; ಅದು ಸರಿಹೋದರೆ ನಮ್ಮ ತೀರ್ಮಾನ ಇನ್ನಷ್ಟು ಗಟ್ಟಿಯಾಗುತ್ತದೆಯೇ ಹೊರತು ತಲೆಕೆಳಗಾಗುವುದಿಲ್ಲ' ಎಂದು ಬರೆಯಬೇಕು. ಯಾವ ದೋಷ, ಅದು ಅಂಕಿಯನ್ನು ಯಾವ ಕಡೆಗೆ ಎಳೆಯಿತು, ಅದರಿಂದ ತೀರ್ಮಾನಕ್ಕೆ ಏನಾಯಿತು ಎಂಬ ಮೂರೂ ಇರಬೇಕು.

ಕರಡನ್ನು ಓದಿ ಸಾಮಾನ್ಯ ಸಲಹೆ ಕೊಡುವುದು ಶಿಕ್ಷಕರ ಕೆಲಸ, ವಾಕ್ಯ ತಿದ್ದಿ ಬರೆದುಕೊಡುವುದಲ್ಲ. ಎಷ್ಟರವರೆಗೆ ನೆರವಾಗಬಹುದೆಂಬುದನ್ನು ನಿಮ್ಮ ಮಂಡಳಿಯ ನಿಯಮದಲ್ಲಿ ನೋಡಿಕೊಳ್ಳಿ. ಚಾಟ್‌ಬಾಟ್‌ಗಳಿಂದ ಬರೆಸಿ ತರುವವರು ಈಗ ಇದ್ದೇ ಇರುತ್ತಾರೆ. ಅನುಮಾನ ಬಂದರೆ ಗದರಿಸದೆ, ಅವರ ದಾಖಲೆ ಹಾಳೆಯನ್ನು ಮುಂದಿಟ್ಟು 'ಈ ಆರನೇ ಓದು ಮಾತ್ರ ಏಕೆ ಹೀಗಿದೆ?' ಎಂದು ಕೇಳಿ. ಅಲ್ಲಿ ನಿಂತು ಬೆವರಿದವರಿಗೆ ಉತ್ತರ ನೆನಪಿರುತ್ತದೆ.

ಆ ದಿನ ಗೈರಾದವರಿಗೆ ಬೇರೆಯವರ ದತ್ತಾಂಶ ಕೊಟ್ಟು ಬರೆಸುವ ಮೊದಲು ಮಂಡಳಿ ಅದಕ್ಕೆ ಒಪ್ಪುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ; ಸಾಧ್ಯವಾದರೆ ಶಾಲೆಯ ಆವರಣದಲ್ಲೇ ನೀರು ಇಂಗುವ ಪ್ರಯೋಗವನ್ನೋ ಅಕ್ಕಪಕ್ಕದ ರಸ್ತೆಯ ಭೂಬಳಕೆಯನ್ನೋ ಮಾಡಿಸಿ. ಕೊಳೆಯಾದ, ಮಡಿಕೆ ಬಿದ್ದ ಮೂಲ ದಾಖಲೆ ಹಾಳೆಗಳನ್ನು ಶುದ್ಧಪ್ರತಿ ಬಂದಿತೆಂದು ಎಸೆಯಬೇಡಿ. ಮರುಪರಿಶೀಲನೆಗೆ ಕಡತ ಕೇಳಿದಾಗ ಕೆಲಸ ನಿಜವಾಗಿ ನಡೆದದ್ದಕ್ಕೆ ಇರುವ ಸಾಕ್ಷಿ ಅವೇ. ಫಲಿತಾಂಶ ಬಂದು ಮರುಮೌಲ್ಯಮಾಪನದ ಗಡುವು ಮುಗಿಯುವವರೆಗೂ ಗುಂಪುವಾರು ಲಕೋಟೆಗಳಲ್ಲಿ ಶಾಲೆಯ ಭೂಗೋಳ ವಿಭಾಗದ ಬೀರುವಿನಲ್ಲಿ ಇರಲಿ.